ಮಕ್ಕಳ ಶ್ವಾನ ಸಂಘ: ಮುಂದಾಳುಗಳು ಮೊದಲು ಕಲಿಯಬೇಕಾದದ್ದೇನು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ನಾಯಿಯಿಲ್ಲದ ಮನೆ ವಿರಳ. ತೋಟಕ್ಕೆ ಇಳಿಯುವ ಮಂಗಗಳನ್ನು ಅಟ್ಟಲು, ರಾತ್ರಿ ಗದ್ದೆಗೆ ನುಗ್ಗುವ ಹಂದಿಯ ಸುಳಿವು ಕೊಡಲು, ಅಂಗಳದಲ್ಲಿ ಹರವಿದ ಅಡಿಕೆಯ ಕಾವಲಿಗೆ, ಒಂಟಿಮನೆಯ ಧೈರ್ಯಕ್ಕೆ ನಾಯಿ ಬೇಕು. ಅದಕ್ಕೆ ಅನ್ನ ಹಾಕುವವರು, ಮೈ ತೊಳೆಯುವವರು, ಹೆಸರಿಟ್ಟು ಕರೆಯುವವರು ಯಾರೆಂದು ನೋಡಿದರೆ ಮನೆಯ ಮಕ್ಕಳೇ ಕಣ್ಣಿಗೆ ಬೀಳುತ್ತಾರೆ. ದನಕರುಗಳ ಆರೈಕೆಯನ್ನು ಹಿರಿಯರು ಮಕ್ಕಳಿಗೆ ಕೈಹಿಡಿದು ಕಲಿಸುವುದುಂಟು. ಯಾವ ಎಮ್ಮೆ ಹಾಯುತ್ತದೆ, ಯಾವ ಹಸುವಿನ ಹಿಂದೆ ನಿಲ್ಲಬಾರದು ಎಂಬ ತಿಳಿವಳಿಕೆ ಕೊಟ್ಟಿಗೆಯಲ್ಲಿಯೇ ದೊರೆಯುತ್ತದೆ. ನಾಯಿಯ ವಿಷಯದಲ್ಲಿ ಅಂಥ ಪಾಠವನ್ನು ಯಾರೂ ಹೇಳಿಕೊಡುವುದಿಲ್ಲ. ನಾಯಿ ತಾನಾಗಿ ಬೆಳೆಯುತ್ತದೆ, ಮಗು ತಾನಾಗಿ ಕಲಿಯುತ್ತದೆ ಎಂಬುದು ರೂಢಿ.

ಈ ಕೊರತೆಯನ್ನು ತುಂಬಲು ಕೆಲವು ದೇಶಗಳಲ್ಲಿ ಮಕ್ಕಳಿಗಾಗಿಯೇ ಶ್ವಾನ ಸಂಘಗಳಿವೆ. ಅವುಗಳನ್ನು ನಡೆಸುವವರು ಸಂಬಳ ಪಡೆಯುವ ತರಬೇತುದಾರರಲ್ಲ, ಊರಿನ ಸ್ವಯಂಸೇವಕರು. ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಂಥ ಊರಿನಲ್ಲಿ ಇಂತಹ ಸಂಘವೊಂದನ್ನು ಕಟ್ಟಬಯಸುವವರು ಆ ಸ್ವಯಂಸೇವಕರನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದು ಇಲ್ಲಿನ ವಿಚಾರ.

ಹೊರಗಿನ ಮಾದರಿ

ಇವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ‘ಫೋರ್-ಎಚ್’. 1902ರಲ್ಲಿ ಓಹಿಯೋ ಪ್ರಾಂತದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶಾಲಾ ಮೇಲ್ವಿಚಾರಕರಾಗಿದ್ದ ಎ.ಬಿ. ಗ್ರಹಾಂ ಅವರು ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿ ಆರಂಭಿಸಿದ ಕೃಷಿ ಕೂಟವನ್ನು ಅದರ ಮೂಲವೆಂದು ಗುರುತಿಸಲಾಗುತ್ತದೆ. ಜೋಳ ಬೆಳೆಸುವುದು, ಮಣ್ಣು ಪರೀಕ್ಷಿಸುವುದು ಮೊದಲಾದವು ಆಗಿನ ಚಟುವಟಿಕೆಗಳು. 1914ರ ಸ್ಮಿತ್-ಲೀವರ್ ಕಾಯ್ದೆಯ ಮೂಲಕ ಕೃಷಿ ವಿಸ್ತರಣಾ ವ್ಯವಸ್ಥೆಗೆ ಸರ್ಕಾರದ ಬೆಂಬಲ ದೊರೆತ ಮೇಲೆ ಅದು ದೇಶವ್ಯಾಪಿಯಾಯಿತು. ತಲೆ, ಹೃದಯ, ಕೈ, ಆರೋಗ್ಯ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರವೇ ಅದರ ಹೆಸರು. ಕರು, ಕುರಿ, ಕೋಳಿಗಳ ಜೊತೆಗೆ ನಾಯಿ ಸಾಕಣೆಯೂ ಅದರ ಯೋಜನೆಗಳಲ್ಲೊಂದು. ಬ್ರಿಟನ್ನಿನಲ್ಲಿ ಅಲ್ಲಿನ ಕೆನಲ್ ಕ್ಲಬ್ 1985ರಲ್ಲಿ ಕಿರಿಯರ ವಿಭಾಗವೊಂದನ್ನು ತೆರೆಯಿತು. ಇಂದು ಅದು ‘ಯಂಗ್ ಕೆನಲ್ ಕ್ಲಬ್’ ಎನಿಸಿದೆ.

ಕರ್ನಾಟಕದಲ್ಲಿ ನಾಯಿಗೆ ಸಂಬಂಧಿಸಿದ ಸಂಸ್ಥೆಗಳಿಲ್ಲವೆಂದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಮುಧೋಳ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂದಿತು; ಆ ನಾಯಿಗಳನ್ನು ಸೇನೆಯೂ ತರಬೇತಿಗೆ ತೆಗೆದುಕೊಂಡಿತು. ಆದರೆ ಇದು ತಳಿಯ ಕೆಲಸ. ಮಲೆನಾಡಿನ ಮನೆಯ ಜಗಲಿಯ ಕೆಳಗೆ ಮಲಗಿರುವ ಹೆಸರಿಲ್ಲದ ತಳಿಯ ನಾಯಿಗೂ ಅದರ ಜೊತೆಗಿರುವ ಐದನೆಯ ತರಗತಿಯ ಬಾಲಕಿಗೂ ಬೇಕಾದ ವ್ಯವಸ್ಥೆ ಬೇರೆ.

ಮುಂದಾಳು ಯಾರಾಗಬೇಕು?

ನಾಯಿಯನ್ನು ಚೆನ್ನಾಗಿ ಪಳಗಿಸಬಲ್ಲವನೇ ಸಂಘದ ಮುಂದಾಳಾಗಲಿ ಎಂಬ ಯೋಚನೆ ಸಹಜವಾದರೂ ಸರಿಯಲ್ಲ. ಫೋರ್-ಎಚ್‌ನಲ್ಲಿ ಸ್ವಯಂಸೇವಕನ ಹಿನ್ನೆಲೆ ಪರಿಶೀಲನೆ, ಮಕ್ಕಳ ರಕ್ಷಣೆಯ ನಿಯಮಗಳು, ವಯಸ್ಸಿಗೆ ತಕ್ಕ ಕಲಿಕೆ ಇವು ತರಬೇತಿಯ ಆರಂಭದಲ್ಲಿಯೇ ಬರುತ್ತವೆ. ನಾಯಿಯ ವಿದ್ಯೆ ಆಮೇಲಿನದು. ನಮ್ಮಲ್ಲಿಯೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಅರಿವು ಮುಂದಾಳಿಗೆ ಇರಲೇಬೇಕು. ಮಕ್ಕಳ ಗುಂಪಿನೊಂದಿಗೆ ಸದಾ ಇಬ್ಬರು ವಯಸ್ಕರಿರಬೇಕು. ಒಬ್ಬರು ಮಹಿಳೆಯಾಗಿದ್ದರೆ ಉತ್ತಮ. ಇದರಲ್ಲಿ ಅನುಮಾನದ ಮಾತಿಲ್ಲ, ವ್ಯವಸ್ಥೆಯ ಮಾತಿದೆ. ನಾಯಿಗಳು ಕಾದಾಟಕ್ಕಿಳಿದರೆ ಒಬ್ಬರು ನಾಯಿಗಳನ್ನು ನೋಡಬೇಕು, ಇನ್ನೊಬ್ಬರು ಮಕ್ಕಳನ್ನು.

ಕೋಲಸಿರ್ಸಿಯಂಥ ಊರಿನಲ್ಲಿ ಇದಕ್ಕೆ ಒದಗಬಲ್ಲವರು ಎಂಥವರು? ನಿವೃತ್ತ ಶಿಕ್ಷಕಿ, ಯುವಕ ಮಂಡಳದ ಕಾರ್ಯದರ್ಶಿ, ಹಾಲಿನ ಡೇರಿಯಲ್ಲಿ ದಿನವೂ ಹತ್ತಾರು ಮನೆಯವರನ್ನು ಮಾತನಾಡಿಸುವವರು, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹಿರಿಯ ವಿದ್ಯಾರ್ಥಿ. ಇವರಲ್ಲಿ ನೋಡಬೇಕಾದ ಗುಣಗಳು ಎರಡು. ಮಕ್ಕಳ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಒಂದು; ‘ಇವತ್ತು ಈ ನಾಯಿ ಬೇಡ, ಮನೆಗೆ ಕರೆದುಕೊಂಡು ಹೋಗಿ’ ಎಂದು ಊರಿನ ಗಣ್ಯರಿಗೂ ಹೇಳಬಲ್ಲ ಗಟ್ಟಿತನ ಇನ್ನೊಂದು. ಎರಡನೆಯದು ಹಳ್ಳಿಯಲ್ಲಿ ಮೊದಲನೆಯದಕ್ಕಿಂತ ಕಷ್ಟ.

ನಾಯಿಯಿಲ್ಲದ ಮೊದಲ ಸಭೆ

ಅಮೆರಿಕದ ಅನೇಕ ಸಂಘಗಳಲ್ಲಿ ಮೊದಲ ಸಭೆಗೆ ನಾಯಿಗಳನ್ನು ತರುವಂತಿಲ್ಲ. ಮಕ್ಕಳಿಗೆ ನಿರಾಶೆಯಾದರೂ ಈ ಪದ್ಧತಿಯನ್ನು ಕಣ್ಣುಮುಚ್ಚಿ ಅನುಸರಿಸಬಹುದು. ಹತ್ತು ಮಕ್ಕಳು, ಹತ್ತು ನಾಯಿಗಳು ಶಾಲೆಯ ಮೈದಾನದಲ್ಲಿ ಒಟ್ಟಾದರೆ ಆ ದಿನ ಯಾರೂ ಏನನ್ನೂ ಕಲಿಯುವುದಿಲ್ಲ. ನಾಯಿ ಬರುವ ಮೊದಲು ಅದರ ಲಸಿಕೆಯ ಚೀಟಿ ಬರಬೇಕು. ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿಗೆ ರೇಬೀಸ್ ವಿರುದ್ಧದ ಮೊದಲ ಚುಚ್ಚುಮದ್ದು, ಆನಂತರ ಪಶುವೈದ್ಯರು ಹೇಳಿದಂತೆ ಪುನರಾವರ್ತನೆ. ಚೀಟಿಯಿಲ್ಲದ ನಾಯಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಮುಂದಾಳು ತನ್ನ ಮನೆಯ ನಾಯಿಗೇ ಮೊದಲು ಅನ್ವಯಿಸಿಕೊಳ್ಳಬೇಕಾಗುತ್ತದೆ.

ಆ ಮೊದಲ ಸಭೆಯಲ್ಲಿ ಕಲಿಸಬೇಕಾದುದು ನಾಯಿಯ ಮೈಭಾಷೆ. ಬಾಲ ಅಲ್ಲಾಡಿಸುವ ನಾಯಿ ಕಚ್ಚುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬಾಲದ ಚಲನೆ ಉದ್ರೇಕದ ಸೂಚನೆಯೇ ಹೊರತು ಸ್ನೇಹದ ಖಾತರಿಯಲ್ಲ. ಮೈ ಬಿಗಿಹಿಡಿದು, ಬಾಲವನ್ನು ಮೇಲಕ್ಕೆ ಸೆಟೆಸಿ ಸಣ್ಣಗೆ ಅಲ್ಲಾಡಿಸುವ ನಾಯಿಯಿಂದ ದೂರವಿರಬೇಕು. ನಿದ್ರೆ ಬಾರದಿದ್ದರೂ ಆಕಳಿಸುವುದು, ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು: ಇವೆಲ್ಲ ‘ನನ್ನನ್ನು ಬಿಡು’ ಎಂಬುದರ ಸಂಕೇತಗಳು. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಕಚ್ಚುವುದನ್ನಲ್ಲ. ಮುನ್ಸೂಚನೆಯಿಲ್ಲದೆ ಕಚ್ಚುವ ನಾಯಿ ಎಷ್ಟೋ ಸಲ ತಯಾರಾಗುವುದು ಹೀಗೆಯೇ.

ಅಪರಿಚಿತ ನಾಯಿ ಅಟ್ಟಿಸಿಕೊಂಡು ಬಂದಾಗ ಏನು ಮಾಡಬೇಕೆಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿಸಬೇಕು. ವಿದೇಶದ ಶಾಲೆಗಳಲ್ಲಿ ‘ಮರದಂತೆ ನಿಲ್ಲು’ ಎಂದು ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಅಡಿಕೆ ಮರವೆಂದರೆ ಸಾಕು: ನೆಟ್ಟಗೆ, ಕೈಗಳನ್ನು ಮೈಗೆ ಅಂಟಿಸಿ, ಪಾದ ನೋಡುತ್ತ, ಕೂಗದೆ. ಕೆಳಗೆ ಬಿದ್ದರೆ ಮೊಣಕಾಲು ಮಡಿಸಿ, ಕುತ್ತಿಗೆ ಮತ್ತು ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡು ಮೂಟೆಯಂತೆ ಮಲಗಬೇಕು. ಓಡುವ ಮಗುವನ್ನು ನಾಯಿ ಅಟ್ಟುತ್ತದೆ. ಇದನ್ನು ಪ್ರತಿ ಮಗುವೂ ಹತ್ತು ಬಾರಿ ಮಾಡಿ ತೋರಿಸುವವರೆಗೆ ಮುಂದಿನ ಪಾಠಕ್ಕೆ ಹೋಗದಿರುವುದು ಒಳಿತು.

ಮಗು ಮುಚ್ಚಿಡುವ ಗಾಯ

ಮುಂದಾಳುಗಳ ತರಬೇತಿಯ ಅತಿ ಮುಖ್ಯ ಭಾಗ ಇಲ್ಲಿದೆ. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಕಡಿತದ ನಂತರ ಕೂಡಲೇ ಸರಿಯಾದ ಚಿಕಿತ್ಸೆ ದೊರೆತರೆ ಅದನ್ನು ತಡೆಯಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂಬ ಅಂದಾಜಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022–23ರಲ್ಲಿ ನಡೆಸಿದ ಸಮೀಕ್ಷೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಪ್ರಾಣಿ ಕಡಿತಗಳನ್ನೂ ಸುಮಾರು 5,700 ರೇಬೀಸ್ ಸಾವುಗಳನ್ನೂ ಅಂದಾಜಿಸಿದೆ. ಹಿಂದಿನ ಅಂದಾಜುಗಳಿಗಿಂತ ಇದು ಬಹಳ ಕಡಿಮೆ. ಆದರೂ ತಡೆಯಬಹುದಾಗಿದ್ದ ಸಾವುಗಳ ಸಂಖ್ಯೆಯಾಗಿ ಇದು ಸಣ್ಣದಲ್ಲ. ಶಂಕಿತ ರೇಬೀಸ್ ಪ್ರಾಣಿಗಳಿಂದ ಕಡಿತಕ್ಕೊಳಗಾಗುವವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಕ್ಕಳಿಗೇ ಅಪಾಯ ಹೆಚ್ಚೇಕೆ? ಅವರ ಎತ್ತರ ಕಡಿಮೆಯಾದ್ದರಿಂದ ಗಾಯ ಮುಖ, ತಲೆ, ಕುತ್ತಿಗೆಗೆ ಆಗುವ ಸಂಭವ ಹೆಚ್ಚು. ಅಲ್ಲಿಂದ ಮೆದುಳಿಗೆ ದಾರಿ ಹತ್ತಿರ. ಇದು ವೈದ್ಯಕೀಯ ಕಾರಣ. ಇನ್ನೊಂದು ಕಾರಣ ಮನೆಯೊಳಗಿನದು: ಮಗು ಹೇಳುವುದಿಲ್ಲ. ಬೇಡವೆಂದರೂ ಮರಿಯನ್ನು ಎತ್ತಿಕೊಂಡದ್ದಕ್ಕೆ ಬೈಗುಳ, ನಾಯಿಗೆ ಕಲ್ಲು ಹೊಡೆದದ್ದಕ್ಕೆ ಪೆಟ್ಟು, ಚುಚ್ಚುಮದ್ದಿನ ಭಯ, ಹೇಳಿದರೆ ಮನೆಯವರು ನಾಯಿಯನ್ನೇ ಕೊಂದಾರೆಂಬ ಆತಂಕ. ಇಷ್ಟು ಕಾರಣಗಳಿರುವಾಗ ಮಗು ಸಣ್ಣ ಹಲ್ಲಿನ ಗುರುತನ್ನು ಅಂಗಿಯ ತೋಳಿನಡಿ ಮುಚ್ಚಿಡುತ್ತದೆ. ರೋಗದ ಲಕ್ಷಣಗಳು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುವುದರಿಂದ ಆ ವೇಳೆಗೆ ಗಾಯ ಮಾಸಿ, ಎಲ್ಲರೂ ಮರೆತಿರುತ್ತಾರೆ.

ಶ್ವಾನ ಸಂಘದ ಮುಂದಾಳು, ಮಗು ಇಂತಹ ಗಾಯವನ್ನು ಭಯವಿಲ್ಲದೆ ತೋರಿಸಬಹುದಾದ ವ್ಯಕ್ತಿಯಾಗಿರಬೇಕು. ಉಳಿದೆಲ್ಲ ಕೌಶಲ್ಯಗಳೂ ಇದಕ್ಕಿಂತ ಕೆಳಗೆ. ಅದಕ್ಕಾಗಿ ತರಬೇತಿಯಲ್ಲಿ ಅಭಿನಯದ ಪಾಠವೊಂದು ಬೇಕು. ಒಬ್ಬರು ಮಗುವಾಗಿ ‘ನಿನ್ನೆ ಸಣ್ಣದಾಗಿ ತಾಗಿತು’ ಎನ್ನಲಿ; ಇನ್ನೊಬ್ಬರು ಉತ್ತರಿಸಲಿ. ‘ಯಾಕೆ ಅದರ ಹತ್ತಿರ ಹೋದೆ?’ ಎಂಬ ಪ್ರಶ್ನೆ ಬಾಯಿಗೆ ಬಂದರೆ ಆ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಮಾಡಿಸಬೇಕು. ಹೇಳಬೇಕಾದ ಮಾತು: ‘ಹೇಳಿದ್ದು ಒಳ್ಳೆಯದಾಯಿತು, ಬಾ, ತೊಳೆಯೋಣ.’

ತೊಳೆಯುವುದೆಂದರೆ ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಪೂರಾ 15 ನಿಮಿಷ. ಗಡಿಯಾರ ಹಿಡಿದು ಅಭ್ಯಾಸ ಮಾಡಿದವರಿಗೇ 15 ನಿಮಿಷ ಎಷ್ಟು ದೀರ್ಘವೆಂದು ತಿಳಿಯುತ್ತದೆ. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಬಟ್ಟೆ ಬಿಗಿದು ಕಟ್ಟಬಾರದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28ನೆಯ ದಿನಗಳಲ್ಲಿಯೂ, ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ 0, 3, 7, 14, 28ನೆಯ ದಿನಗಳಲ್ಲಿಯೂ ಚುಚ್ಚುಮದ್ದು ಇರುತ್ತದೆ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಅದು ಎಲ್ಲ ಆರೋಗ್ಯ ಕೇಂದ್ರಗಳಲ್ಲಿಯೂ ಇರುವುದಿಲ್ಲವಾದ್ದರಿಂದ, ಎಲ್ಲಿ ಲಭ್ಯವೆಂಬುದನ್ನು ಸಂಘ ಆರಂಭವಾಗುವ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳತಕ್ಕದ್ದು. ಮೂರು ಚುಚ್ಚುಮದ್ದು ಪಡೆದು ಕೊನೆಯದನ್ನು ಬಿಡುವವರು ಅನೇಕ. ಆ ದಿನವನ್ನು ನೆನಪಿಸುವುದೂ ಮುಂದಾಳಿನ ಕೆಲಸವೇ.

ನಾಟಿ ಔಷಧದ ಪ್ರಶ್ನೆ ಮಲೆನಾಡಿನಲ್ಲಿ ಬಂದೇ ಬರುತ್ತದೆ. ನಾಯಿ ಕಡಿತಕ್ಕೆ ಬೇರು, ಸೊಪ್ಪು ಕೊಡುವ ಮನೆಗಳ ಮೇಲೆ ಜನರಿಗಿರುವ ಗೌರವ ತಲೆಮಾರುಗಳದ್ದು. ಕಚ್ಚಿದ ನಾಯಿಗಳಲ್ಲಿ ಬಹಳಷ್ಟಕ್ಕೆ ರೇಬೀಸ್ ಇರುವುದಿಲ್ಲ. ಆದುದರಿಂದ ಯಾವ ಔಷಧ ಕೊಟ್ಟರೂ ಗುಣವಾದಂತೆಯೇ ಕಾಣುತ್ತದೆ. ಈ ತರ್ಕವನ್ನು ಮುಂದಾಳು ಯಾರನ್ನೂ ಹೀಯಾಳಿಸದೆ ವಿವರಿಸಲು ಕಲಿಯಬೇಕು. ಜಗಳವಾಡಿ ಗೆದ್ದರೆ ಆ ಮನೆಯ ಮಗು ಸಂಘಕ್ಕೆ ಬರುವುದು ನಿಲ್ಲುತ್ತದೆ. ‘ಔಷಧ ತೆಗೆದುಕೊಳ್ಳುವುದು ನಿಮ್ಮಿಷ್ಟ, ಚುಚ್ಚುಮದ್ದು ಮಾತ್ರ ಇಂದೇ ಆಗಲಿ’ ಎಂದು ಒಪ್ಪಿಸುವವನೇ ಜಾಣ.

ನೆರೆಯ ಗೋವೆ ಈ ವಿಷಯದಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ. ಅಲ್ಲಿ 2013ರಿಂದ 2019ರವರೆಗೆ ‘ಮಿಷನ್ ರೇಬೀಸ್’ ಸಂಸ್ಥೆಯೂ ರಾಜ್ಯ ಸರ್ಕಾರವೂ ಸೇರಿ ನಡೆಸಿದ ಕಾರ್ಯಕ್ರಮದಲ್ಲಿ ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕುವ ಹಂತ ತಲುಪಲಾಯಿತು. ಶೇಕಡಾ 70ರಷ್ಟು ನಾಯಿಗಳು ಲಸಿಕೆಯ ವ್ಯಾಪ್ತಿಗೆ ಬಂದವು. ಜೊತೆಗೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಮಕ್ಕಳಿಗೆ ಪಾಠ ತಲುಪಿತು. ನಾಯಿಗಳಲ್ಲಿ ತಿಂಗಳ ರೇಬೀಸ್ ಪ್ರಕರಣಗಳು ಶೇಕಡಾ 92ರಷ್ಟು ಇಳಿದವು, ಮನುಷ್ಯರ ಸಾವು ನಿಂತಿತು. 2021ರಲ್ಲಿ ಗೋವೆಯನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಕಾಳಿ ನದಿಯ ಈಚೆಗಿನ ಉತ್ತರ ಕನ್ನಡಕ್ಕೆ ಇದು ದೂರದ ಕಥೆಯಲ್ಲ. ಕರ್ನಾಟಕ ಸರ್ಕಾರ 2022ರ ಕೊನೆಯಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ.

ಉಣುಗಿನ ಕಾಲ

ನಮ್ಮವರಿಗೆ ಬೇಕೇಬೇಕಾದ ಇನ್ನೊಂದು ಪಾಠ ಉಣುಗಿನದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಸಿದ್ದಾಪುರಕ್ಕೆ ತಾಗಿರುವ ಸೊರಬ ತಾಲೂಕಿನದು. 2024ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕು ಮತ್ತೆ ಈ ಕಾಯಿಲೆಯಿಂದ ನರಳಿತು. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ. ನಾಯಿಯಿಂದ ಮನುಷ್ಯನಿಗೆ ಈ ಕಾಯಿಲೆ ನೇರವಾಗಿ ಬರುವುದಿಲ್ಲ. ಆದರೆ ಬೆಟ್ಟದಲ್ಲಿ ಅಲೆದ ನಾಯಿ ತನ್ನ ಮೈಮೇಲೆ ಉಣುಗುಗಳನ್ನು ಹೊತ್ತು ಜಗಲಿಗೆ ತರಬಲ್ಲದು. ಮಕ್ಕಳು ಅವನ್ನು ಕಿತ್ತು ಉಗುರಿನಿಂದ ಚಿವುಟುವ ಆಟವಾಡುತ್ತಾರೆ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯುವುದು, ಬರಿಗೈಯಲ್ಲಿ ಜಜ್ಜದಿರುವುದು, ಸಾಬೂನಿನಿಂದ ಕೈ ತೊಳೆಯುವುದು, ಸತ್ತ ಮಂಗ ಕಂಡಲ್ಲಿಗೆ ನಾಯಿಯನ್ನೂ ಬಿಡದೆ ತಾವೂ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇಷ್ಟನ್ನು ಮುಂದಾಳು ಕಲಿತಿರಬೇಕು. ಈ ತಿಂಗಳುಗಳಲ್ಲಿ ಸಂಘದ ಚಟುವಟಿಕೆ ಕಾಡಿನಂಚಿನಲ್ಲಿ ಬೇಡ, ಅಂಗಳದಲ್ಲಿ ಸಾಕು. ಸಾಕಣೆದಾರರು ಯಾವ ಉಣುಗುನಾಶಕ ಬಳಸಬೇಕೆಂಬುದನ್ನು ಪಶುವೈದ್ಯರೇ ಹೇಳಲಿ. ದನಕ್ಕೆ ತಂದ ಔಷಧವನ್ನು ಅದೇ ಪ್ರಮಾಣದಲ್ಲಿ ನಾಯಿಗೆ ಹಚ್ಚಿ ಕಳೆದುಕೊಂಡವರುಂಟು.

ಪಳಗಿಸುವ ವಿದ್ಯೆ

ಇಷ್ಟಾದ ಮೇಲೆ ನಾಯಿಗಳು ಮೈದಾನಕ್ಕೆ ಬರಬಹುದು. ಕೋಲು ಹಿಡಿದು ಕಲಿಸುವ ಕಾಲ ಹೋಯಿತು. ಸರಿಯಾಗಿ ಮಾಡಿದ ಕ್ಷಣದಲ್ಲಿಯೇ, ಒಂದೆರಡು ಸೆಕೆಂಡಿನೊಳಗೆ, ಚೂರು ತಿಂಡಿ ಕೊಡುವುದು ಇಂದಿನ ಪದ್ಧತಿಯ ತಿರುಳು. ತಡವಾದರೆ ನಾಯಿಗೆ ಯಾವುದಕ್ಕೆ ಬಹುಮಾನ ಬಂತೆಂದು ತಿಳಿಯುವುದಿಲ್ಲ. ಪೇಟೆಯ ಬಿಸ್ಕತ್ತು ಬೇಕಿಲ್ಲ. ದೋಸೆಯ ಚೂರು, ಬೇಯಿಸಿದ ಮೊಟ್ಟೆ, ಮೀನು ತಿನ್ನುವ ಮನೆಯಾದರೆ ಮುಳ್ಳು ತೆಗೆದ ಮೀನು ಸಾಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷವೆಂಬುದನ್ನು ಮಕ್ಕಳು ಬಾಯಿಪಾಠ ಮಾಡಲಿ. ಅನೇಕರು ಮೊದಲು ಕಲಿಸುವುದು ‘ಕೈ ಕೊಡು’ ಎಂಬ ಚೇಷ್ಟೆ. ಈ ಸೀಮೆಯ ನಾಯಿಗೆ ಅದಕ್ಕಿಂತ ಉಪಯುಕ್ತವಾದವು ಮೂರು: ಕರೆದೊಡನೆ ಬರುವುದು, ಹಗ್ಗ ಎಳೆಯದೆ ನಡೆಯುವುದು, ಕಾಲು, ಕಿವಿ, ಬಾಯಿ ಮುಟ್ಟಲು ಬಿಡುವುದು. ಕರೆದೊಡನೆ ಬರುವ ನಾಯಿ ಕಾಡುಪ್ರಾಣಿಯ ಬೆನ್ನು ಹತ್ತುವುದಿಲ್ಲ, ಕತ್ತಲಾದ ಮೇಲೆ ಚಿರತೆಯ ಬಾಯಿಗೂ ಬೀಳುವುದಿಲ್ಲ. ಮುಟ್ಟಲು ಬಿಡುವ ನಾಯಿಯನ್ನು ಲಸಿಕೆ ಶಿಬಿರಕ್ಕೆ ಮಗುವೇ ಕರೆತರಬಲ್ಲದು.

ಮುಂದಾಳು ಮಾಡಬಾರದ ಕೆಲಸಗಳನ್ನೂ ತರಬೇತಿಯಲ್ಲಿ ಖಚಿತವಾಗಿ ಹೇಳಬೇಕು. ಬೀದಿ ನಾಯಿ ಹಿಡಿಯಬಾರದು, ತಾನೇ ಚುಚ್ಚುಮದ್ದು ಹಾಕಬಾರದು, ಕಾಯಿಲೆ ಬಿದ್ದ ನಾಯಿಯನ್ನು ಮಕ್ಕಳೆದುರು ಪರೀಕ್ಷಿಸಬಾರದು. ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದ ಆವರಣಗಳಿಂದ ಬೀದಿ ನಾಯಿಗಳನ್ನು ತೆರವುಗೊಳಿಸುವಂತೆ ಆದೇಶಿಸಿತು. ಅದನ್ನು ನೆರವೇರಿಸುವ ಹೊಣೆ ಸ್ಥಳೀಯ ಸಂಸ್ಥೆಗಳದು, ಮಕ್ಕಳ ಸಂಘದ್ದಲ್ಲ. ಆದರೆ ಬೀದಿ ನಾಯಿ ಎಲ್ಲಿಂದ ಬರುತ್ತದೆ ಎಂಬುದನ್ನು ಸಂಘ ಚರ್ಚಿಸಬಹುದು. ಗಂಡುಮರಿಗಳನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಹೆದ್ದಾರಿಯ ತಿರುವಿನಲ್ಲಿ, ಸಂತೆಯ ಬಯಲಿನಲ್ಲಿ ಬಿಟ್ಟುಬರುವ ಅಭ್ಯಾಸ ಗುಟ್ಟಿನದೇನಲ್ಲ. ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣದ ಹೊಣೆ ಸಾಕುವವರದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಹಿರಿಯರಿಗೆ ಈ ಮಾತನ್ನು ಪಂಚಾಯತಿಯ ನೋಟೀಸಿಗಿಂತ ಮೊಮ್ಮಗಳು ಹೆಚ್ಚು ಸುಲಭವಾಗಿ ಒಪ್ಪಿಸಬಹುದು.

ಯಾವಾಗ, ಎಲ್ಲಿ?

ಕೊನೆಕೊಯ್ಲಿನ ಸಮಯದಲ್ಲಿ ಕರೆದರೆ ಯಾರೂ ಬರಲಾರರು. ಮಳೆ ಸ್ವಲ್ಪ ಬಿಡುವು ಕೊಡುವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನ ಮೂರು ನಾಲ್ಕು ಭಾನುವಾರಗಳು ತರಬೇತಿಗೆ ಒಪ್ಪುವ ಕಾಲ. ಒಂದು ದಿನ ಪಶುವೈದ್ಯರು, ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಮತ್ತು ಆಶಾ ಕಾರ್ಯಕರ್ತೆಯರು, ಒಂದು ದಿನ ಮಕ್ಕಳ ಮನಸ್ಸು ಬಲ್ಲ ಶಿಕ್ಷಕರು, ಉಳಿದುದು ಅಭ್ಯಾಸ. ಲೂಯಿ ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶುಪಾಲನಾ ಇಲಾಖೆ ನಡೆಸುವ ಉಚಿತ ಲಸಿಕೆ ಶಿಬಿರಗಳಲ್ಲಿ ಸಾಲು ನಿಲ್ಲಿಸುವುದು, ನಾಯಿಗಳ ನಡುವೆ ಅಂತರ ಕಾಯುವುದು, ಹೆಸರು ಬರೆಯುವುದು ಹೊಸ ಮುಂದಾಳುಗಳಿಗೆ ಮೊದಲ ಪರೀಕ್ಷೆಯಾಗಲಿ. ಅಲ್ಲಿ ಗದ್ದಲಕ್ಕೆ ತಾಳ್ಮೆಗೆಡುವವರು ಯಾರೆಂದು ಅರ್ಧ ದಿನದಲ್ಲಿ ತಿಳಿಯುತ್ತದೆ. ಅಂಥವರಿಗೆ ಲೆಕ್ಕಪತ್ರದ ಹೊಣೆ ಕೊಡಬಹುದು.

ಫೋರ್-ಎಚ್‌ನ ಮಕ್ಕಳು ತಮ್ಮ ಕೆಲಸದ ದಾಖಲೆ ಪುಸ್ತಕ ಬರೆಯುತ್ತಾರೆ. ಇಲ್ಲಿಯೂ ಇನ್ನೂರು ಪುಟದ ಒಂದು ನೋಟುಬುಕ್ಕು ಸಾಕು. ನಾಯಿಯ ಹೆಸರು, ಲಸಿಕೆಯ ದಿನಾಂಕ, ಜಂತು ಔಷಧ, ತೂಕ, ಈ ವಾರ ಕಲಿತದ್ದು, ಉಣುಗು ಎಷ್ಟು ಸಿಕ್ಕಿತು ಎಂಬ ಕಲಮುಗಳು ಇರಲಿ. ಕೊನೆಯಲ್ಲಿ ಇನ್ನೊಂದು ಕಲಮು: ‘ಈ ವಾರ ನನಗೆ ಯಾವುದಾದರೂ ನಾಯಿ ಅಥವಾ ಬೆಕ್ಕು ಕಚ್ಚಿದೆಯೇ, ಪರಚಿದೆಯೇ?’ ಮುಂದಾಳು ಪ್ರತಿ ಭಾನುವಾರ ಮೊದಲು ತೆರೆದು ನೋಡಬೇಕಾದ ಕಲಮು ಅದು. ಹೌದು ಎಂದು ಬರೆದಿದ್ದರೆ ಆ ದಿನದ ತರಗತಿ ಅಲ್ಲಿಗೇ ನಿಲ್ಲಲಿ. ಇಬ್ಬರಲ್ಲಿ ಒಬ್ಬರು ಮಗುವನ್ನು ನಲ್ಲಿಯ ಬಳಿಗೆ ಕರೆದೊಯ್ಯಲಿ, ಇನ್ನೊಬ್ಬರು ಮನೆಗೆ ಫೋನ್ ಮಾಡಲಿ.